ಪಾಳಿ ತಪ್ಪಿದ ನಿದ್ದೆ

ಐನಾಪುರದ ಹೊರಗೆ ಬೆಳಕು ಹರಿಯುವ ಹೊತ್ತು. ದ್ರಾಕ್ಷಿ ತೋಟದ ಪಕ್ಕದ ಖಾಲಿ ಹೊಲದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿದ್ದಾರೆ. ಮೂಲೆಯಲ್ಲಿ ಕಂಬಳಿ ಹೊದ್ದು, ರುಮಾಲು ಸುತ್ತಿ ಕುಳಿತ ಹಿರಿಯರಿಗೆ "ನಮಸ್ಕಾರ್ರಿ ಯಜಮಾನ್ರ" ಎನ್ನುತ್ತೇನೆ. ಕಿವಿ ಮಂದವೇನೋ ಎಂದು ಇನ್ನೂ ಜೋರಾಗಿ ಕೂಗುತ್ತೇನೆ. ಎಳೆ ಮರಿಗೆ ಹಾಲು ಕುಡಿಸುತ್ತಿದ್ದ ಹೆಂಗಸು ಸೆರಗು ಬಾಯಿಗಿಟ್ಟು ನಗುತ್ತಾರೆ.

"ಅವ್ರು ಮಾತಾಡೂದಿಲ್ರಿ ಸಾಹೇಬ್ರ. ಬಡಿಗಿ ಅದು."

ನೆಲಕ್ಕೆ ನೆಟ್ಟ ಬಡಿಗೆ, ಮೇಲೊಂದು ಕಂಬಳಿ, ತುದಿಗೆ ಕೆಂಪು ರುಮಾಲು. ಎಲಾ ಇದರ! ಮೋಸ ಹೋದವರಲ್ಲಿ ನಾನೇ ಮೊದಲಿಗನಲ್ಲ ಎಂಬುದಷ್ಟೇ ಸಮಾಧಾನ.

ನಕ್ಕ ಹೆಂಗಸು ಪಾಲಬಾವಿಯ ಕೆಂಪವ್ವ. ಐವತ್ತು ದಾಟಿದೆ. ಗೊಬ್ಬರ ಬೇಕಾದ ರೈತರ ಹೊಲದಿಂದ ಹೊಲಕ್ಕೆ ನೂರಾ ಇಪ್ಪತ್ತು ಕುರಿ ಹೊಡೆದುಕೊಂಡು ಹೋಗುವುದು, ರಾತ್ರಿ ಅವುಗಳ ನಡುವೆಯೇ ಇರುವುದು ಇವರ ಬದುಕು. ಗಂಡ ಮಲಕಾರಿ ಇದ್ದಾಗ ಇಬ್ಬರೂ ರಾತ್ರಿಯನ್ನು ಪಾಳಿ ಹಾಕಿಕೊಂಡಿದ್ದರು. ಒಬ್ಬರು ಮಲಗಿದರೆ ಒಬ್ಬರು ಕಾವಲು.

"ಉಂಡ ಮ್ಯಾಲ ನಮ್ಮ ಮನಿಯವ್ರು 'ಮಲ್ಕೋ, ನಾ ಅದೀನಿ' ಅಂತಿದ್ರು. ಅಷ್ಟ ಕೇಳಿದ್ರ ಸಾಕ್ರಿ, ಕಲ್ಲಿನ ಮ್ಯಾಲೂ ನಿದ್ದಿ ಹತ್ತತಿತ್ತು."

ಎರಡು ವರ್ಷದ ಹಿಂದೆ ಮಲಕಾರಿ ಜ್ವರದಲ್ಲಿ ತೀರಿಕೊಂಡರು. ಮೈದುನನ ಮಗ ಬೀರದೇವ ಹಗಲು ಕುರಿ ಮೇಯಿಸುತ್ತಾನೆ. ಮನೆಯಲ್ಲಿ ಬಾಣಂತಿ ಹೆಂಡತಿ ಇದ್ದಾಳೆ, ಸಂಜೆಗೆ ಹೋಗಲೇಬೇಕು. ಅಲ್ಲಿಂದ ಬೆಳಗಿನತನಕ ಕೆಂಪವ್ವ, ಒಂದು ನಾಯಿ, ಈ ಕಂಬಳಿ.

"ದೂರದಿಂದ ಗಂಡಸು ಕುಂತಂಗ ಕಾಣ್ಲಿ ಅಂತ ನಿಲ್ಲಿಸೇನ್ರಿ. ಕಳ್ಳರು ನಂಬ್ತಾರ. ನಿದ್ದಿ ನಂಬವಲ್ದು."

ನಿದ್ದೆಗೆಟ್ಟ ದೇಹ ಸುಮ್ಮನಿರಲಿಲ್ಲ. ತಲೆಸಿಡಿತ, ಎದೆಬಡಿತ, ಸುಮ್ಮಸುಮ್ಮನೆ ಸಿಟ್ಟು. ಬುತ್ತಿಯಲ್ಲಿ ಚಟ್ನಿ ಮರೆತಿದ್ದಕ್ಕೆ ಬೀರದೇವನ ಮೇಲೆ ಹರಿಹಾಯ್ದು, ಆಮೇಲೆ ಬದುವಿನ ಮೇಲೆ ಕೂತು ತಾವೇ ಅತ್ತರಂತೆ. ಡಾಕ್ಟರು ಬಿಪಿ ಏರಿದೆ ಎಂದರು. ಹೊಟ್ಟೆಗೆ ಅನ್ನ ಹೇಗೋ ತಲೆಗೆ ನಿದ್ದೆ ಹಾಗೆ, ಕಣ್ತುಂಬ ಮಲಗಿದರೆ ಅರ್ಧ ಚಿಂತೆ ತಾನೇ ಇಳಿಯುತ್ತದೆ ಎಂದು ಹೇಳಿ ನಿದ್ದೆಗುಳಿಗೆ ಕೊಟ್ಟರು. ಅವು ಇನ್ನೂ ಸೆರಗಿನ ಗಂಟಿನಲ್ಲಿವೆ.

"ಡಾಕ್ಟ್ರು ಖರೇನ ಹೇಳ್ಯಾರ್ರಿ. ಆದ್ರ ಗುಳಿಗಿ ನುಂಗಿ ಮಲಗಿದ್ರ, ತೋಳ ಬಂದಾಗ ಏಳೋರ್ಯಾರು?"

ಈ ಹೊಲದ ಒಡತಿ ಕಸ್ತೂರೆವ್ವ ಹೋದ ವಾರ ಮೋಟಾರು ಚಾಲು ಮಾಡಲು ನಸುಕಿನಲ್ಲೇ ಬಂದವರು, ನಿಂತಲ್ಲೇ ತೂಗಾಡುತ್ತಿದ್ದ ಕೆಂಪವ್ವನನ್ನು ಕಂಡರು. ಕೈಯಿಂದ ಕೋಲು ಕಸಿದುಕೊಂಡು ಅಲ್ಲೇ ಕೂತರು. ಮೋಟಾರಿನ ಬಳಿ ಇದ್ದ ಅವರನ್ನೇ ಅಂದಿನ ಸಂಗತಿ ಕೇಳಿದೆ.

"ನಾ ಏನ್ ದೊಡ್ಡದು ಮಾಡಿಲ್ರಿ. 'ಮಲ್ಕೋ ಬೇ ಕೆಂಪವ್ವ, ನಾ ಅದೀನಿ' ಅಂದ್ನಿ. ಆಕಿ ನನ್ನ ಮಾರಿ ನೋಡಿ ಗಳಗಳ ಅತ್ಲು. ಅಳಕೋತನ ಮಲಗಿದ್ಲು."

ಅಂದು ಕೆಂಪವ್ವ ಎದ್ದಾಗ ಬಿಸಿಲು ನೆತ್ತಿಗೆ ಬಂದಿತ್ತು. "ತಲಿ ಹೂವಿನಂಗ ಹಗುರಾಗಿತ್ರಿ. ಸಂಜಿಕ ಕುರಿ ಹೊಡ್ಕೊಂಡು ಬಂದ ಬೀರದೇವ, 'ದೊಡ್ಡವ್ವ, ಇವತ್ತ ನಗಾಕತ್ತೀಯಲ್ಲ' ಅಂದ." ಅದಾದ ಮೇಲೆ ಕಸ್ತೂರೆವ್ವ ದಿನವೂ ಬರುತ್ತಿದ್ದಾರೆ. ತಲೆಸಿಡಿತ ಇಳಿದಿದೆ.

ಆದರೆ ಈ ಹೊಲದ ಸರದಿ ಮುಗಿಯಿತು. ಇವತ್ತೇ ಕಾಗವಾಡದ ಕಡೆ ಹೊರಡಬೇಕು. ಅಲ್ಲಿಯ ಹೊಲದವರು ಎಂಥವರೋ, ಯಾರಿಗೆ ಗೊತ್ತು.

ನಿಮಗೇನು ಬೇಕು ಎಂದು ಕೇಳುತ್ತೇನೆ. ಮನೆ, ಸರ್ಕಾರದ ಸವಲತ್ತು ಎಂದೇನಾದರೂ ಹೇಳುತ್ತಾರೆಂದುಕೊಂಡಿದ್ದೆ.

"ಏನೂ ಬ್ಯಾಡ್ರಿ. ಹೋದ ಹೋದ ಹೊಲದಾಗ ಯಾರರ ಒಬ್ರು ಕಸ್ತೂರೆವ್ವನಂಗ ಅಂದ್ರ ಸಾಕು. ವಾರಕ್ಕೊಮ್ಮೆ ಅಂದ್ರೂ ನಡೀತೈತಿ."

ಬಿಸಿಲೇರುತ್ತಿದೆ. ಬೀರದೇವ ಬಲೆ ಬಿಚ್ಚುತ್ತಿದ್ದಾನೆ. ಕೆಂಪವ್ವ ಮೂಲೆಗೆ ಹೋಗಿ ರುಮಾಲು ಬಿಚ್ಚುತ್ತಾರೆ, ಕಂಬಳಿಯ ಇಬ್ಬನಿ ಕೊಡವುತ್ತಾರೆ. ಬಡಿಗೆಯನ್ನು ಕಿತ್ತು, ಕಂಬಳಿ ಸುತ್ತಿ, ನೆಲದ ಮೇಲೆ ಮೆಲ್ಲಗೆ ಮಲಗಿಸುತ್ತಾರೆ. ದಿನಾ ಯಾರಿಗೂ ಕೇಳದಂತೆ ಹೇಳುವ ಮಾತಿರಬೇಕು, ಇವತ್ತು ನನಗೆ ಕೇಳಿಸಿತು.

"ರಾತ್ರಿಯೆಲ್ಲ ಕುಂತೀರಿ. ಮಲ್ಕೋರಿ ಇನ್ನ. ನಾ ಅದೀನಿ."