ಹೊರಗೆ ಕಟ್ಟಿದ ದೋಣಿ

ನಮ್ಮಪ್ಪನ ದೋಣಿ ಒಡೆದ ಕೇಸನ್ನು ಅಪ್ಪ ನನಗೆ ಕೊಡಲಿಲ್ಲ. ಹೆತ್ತ ಮಗಳು ವಕೀಲೆ, ಕರಿ ಕೋಟು ಹಾಕಿಕೊಂಡು ಹೊನ್ನಾಳಿ ಕೋರ್ಟಿನಲ್ಲೇ ದಿನಾ ಬೆಂಚು ಬಿಸಿ ಮಾಡುತ್ತಿದ್ದೆ. ಆದರೂ ಕೇಸು ಹೋದದ್ದು ನನ್ನ ಪಕ್ಕದ ಕುರ್ಚಿಯವಳಿಗೆ. ನಾವಿಬ್ಬರೂ ಒಬ್ಬರೇ ಸೀನಿಯರ್ ಹತ್ತಿರ ಜೂನಿಯರ್‌ಗಳು. ಅವಳ ಊರು ಜಗಳೂರು. ಅಲ್ಲಿ ನೀರು ನೋಡಬೇಕೆಂದರೆ ಕೊಡದೊಳಗೆ ಇಣುಕಬೇಕು. ದೋಣಿಯ ಹಿಂದು ಯಾವುದು ಮುಂದು ಯಾವುದು ಗೊತ್ತಿಲ್ಲದವಳು! ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನಮ್ಮದು ತುಂಗಭದ್ರೆಯ ದಂಡೆಯ ಸಣ್ಣ ಊರು. ಆಗಿನ್ನೂ ಅಲ್ಲಿ ಸೇತುವೆ ಇರಲಿಲ್ಲ. ಅಪ್ಪ ಮತ್ತು ಪಕ್ಕದ ಮನೆಯ ಕಾಕಾ ಇಬ್ಬರೂ ದೋಣಿ ನಡೆಸುತ್ತಿದ್ದರು. ಸಂಜೆ ಮೊದಲು ಬಂದ ದೋಣಿಯನ್ನು ದಡದ ಕಲ್ಲುಗೂಟಕ್ಕೆ ಕಟ್ಟಬೇಕು, ಆಮೇಲೆ ಬಂದದ್ದನ್ನು ಆ ದೋಣಿಯ ಹೊರಮಗ್ಗುಲಿಗೆ ಕಟ್ಟಬೇಕು. ಹೊಳೆ ಏರಿದರೆ ಒಳಗಿನವನು ಹಗ್ಗ ಬಿಚ್ಚುವ ಮೊದಲು ಹೊರಗಿನವನನ್ನು ಕೂಗಬೇಕು. ಹೊರಗೆ ಕಟ್ಟಿದವನು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಅಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ ಇದು. ಆ ಮಳೆಗಾಲದ ಒಂದು ರಾತ್ರಿ ಹೊಳೆ ದಿಢೀರನೆ ಏರಿತು. ಕಾಕಾ ಎರಡೂ ಹಗ್ಗ ಬಿಚ್ಚಿ ತನ್ನ ದೋಣಿಯನ್ನು ಮೇಲಕ್ಕೆ ಎಳೆದುಕೊಂಡ. ಅದಕ್ಕೆ ಕಟ್ಟಿದ್ದ ಅಪ್ಪನ ದೋಣಿ ಕೊಚ್ಚಿಕೊಂಡು ಹೋಗಿ ಬಂಡೆಗೆ ಬಡಿದು ಸೀಳಿತು. ಕೂಗಿದ್ದೆ ಅಂತ ಕಾಕಾ, ಕೂಗಿಲ್ಲ ಅಂತ ಅಪ್ಪ. ಕೊನೆಗೆ ಅಪ್ಪ ದಾವೆ ಹಾಕಿದ.

ವಕಾಲತ್ತು ಅವಳಿಗೆ ಸಿಕ್ಕ ದಿನದಿಂದ ನನಗೆ ಅನ್ನ ರುಚಿಸಲಿಲ್ಲ. ಅಪ್ಪ ಆಫೀಸಿಗೆ ಬಂದರೆ ನನ್ನ ಮೇಜು ದಾಟಿ ಅವಳ ಮುಂದೆ ಕೂರುತ್ತಿದ್ದ. ಪೊಟ್ಟಣ ಬಿಚ್ಚಿ, "ಮಂಡಕ್ಕಿ ತಿನ್ನು ತಾಯಿ" ಅನ್ನುತ್ತಿದ್ದ. ತಾಯಿಯಂತೆ, ತಾಯಿ! ಒಂದು ಭಾನುವಾರ ಅವಳನ್ನು ಊರಿಗೆ ಕರೆದುಕೊಂಡು ಹೋಗಿ, ಯಾರದೋ ದೋಣಿ ಕೇಳಿ ಪಡೆದು, ಹೊಳೆಯಲ್ಲಿ ಒಂದು ಸುತ್ತು ಹಾಕಿಸಿಕೊಂಡು ಬಂದ. ನನ್ನನ್ನು ದೋಣಿಗೆ ಹತ್ತಿಸಿ ಎಷ್ಟು ವರ್ಷವಾಗಿತ್ತೋ ಅವನಿಗೇ ನೆನಪಿಲ್ಲ.

ಸೋಮವಾರ ಅವಳು ಕಣ್ಣರಳಿಸಿಕೊಂಡು ಬಂದಳು. "ಅಕ್ಕಾ, ನಿಮ್ಮಪ್ಪಾರು ಎಷ್ಟು ಚಂದ ಹೇಳ್ತಾರ್ರೀ! ಹಗ್ಗ ಕಟ್ಟಾಕೂ ಒಂದು ನ್ಯಾಯ ಐತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಯಾಕೆ, ನಿಮ್ಮೂರಾಗೆ ಕುರಿ ಕಟ್ಟಲ್ವೇನು?" ಅಂದೆ.

ಅವಳು ಕಿಲಕಿಲ ನಕ್ಕಳು. ಮುಖ ಸಣ್ಣದು ಮಾಡಿಕೊಂಡಿದ್ದರೆ ನನಗೂ ಸ್ವಲ್ಪ ಸಮಾಧಾನವಾಗುತ್ತಿತ್ತು. ನಕ್ಕದ್ದಕ್ಕೆ ಮೈಯೆಲ್ಲ ಉರಿದುಹೋಯಿತು.

ಅಪ್ಪ ಕಟಕಟೆ ಹತ್ತಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸುಳ್ಳೇಕೆ ಹೇಳಲಿ, ಅವಳು ತಡವರಿಸಲಿ ಅಂತಲೇ ಕಾಯುತ್ತಿದ್ದೆ. ತಡವರಿಸಲಿಲ್ಲ, ಹಾಳಾದವಳು. ಹೊಳೆ ದಂಡೆಯಲ್ಲೇ ಹುಟ್ಟಿದವಳ ಹಾಗೆ ಒಂದೊಂದೇ ಪದ್ಧತಿಯನ್ನು ಅಪ್ಪನ ಬಾಯಿಂದ ಹೇಳಿಸಿದಳು. ಆಮೇಲೆ ಕಾಕಾನ ಪರವಾಗಿ ಚನ್ನಗಿರಿಯಿಂದ ಬಂದಿದ್ದ ವಕೀಲರು ಪಾಟೀಸವಾಲಿಗೆ ಎದ್ದರು.

"ಹೊಳೆ ಏರಿದಾಗ ನೀವು ಎಲ್ಲಿದ್ರಿ?"

ಆ ಸಂಜೆ ಅಪ್ಪ ದೋಣಿ ಕಟ್ಟಿ ನ್ಯಾಮತಿಗೆ, ನನ್ನ ಮನೆಗೆ ಬಂದಿದ್ದ. ಹೊಳೆ ಕಡೆ ಹೋಗಬೇಕು ಅಂತ ಎದ್ದವನ ಕೈಯಿಂದ ಚೀಲ ಕಿತ್ತುಕೊಂಡು, ಹೋಳಿಗೆ ಉಂಡು ಬೆಳಿಗ್ಗೆ ಹೋಗು ಅಂತ ಕೂರಿಸಿದವಳು ನಾನೇ. ಇಷ್ಟು ದಿನದ ಹೊಟ್ಟೆಕಿಚ್ಚಿನಲ್ಲಿ ಅದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

"ನ್ಯಾಮತಿಯಾಗೆ ಇದ್ದೆ ಸ್ವಾಮಿ. ಮಗಳ ಮನೆಯಾಗೆ."

"ಕೂಗಿದ್ರೆ ಕೇಳ್ತಿತ್ತಾ?"

"ಎಲ್ಲಿ ಕೇಳ್ತೈತ್ರೀ."

ಕೇಸು ಅಲ್ಲಿಗೇ ಮುಗಿಯಿತು. ತೀರ್ಪು ಬರುವುದೊಂದೇ ಬಾಕಿ.

ಹೊರಗೆ ವರಾಂಡದಲ್ಲಿ ಅಪ್ಪನನ್ನು ತಡೆದು ನಿಲ್ಲಿಸಿದೆ. "ಗೊತ್ತಿದ್ದೂ ಯಾಕಪ್ಪಾ ದಾವೆ ಹಾಕಿದೆ?"

"ದೋಣಿ ಹೋದ ಸಂಕಟಕ್ಕೆ ಹಾಕಿದ್ನವ್ವಾ. ಸೋಲೋ ಕೇಸು ಅಂತ ಆಗ್ಲೇ ಗೊತ್ತಿತ್ತು. ಮಗಳು ಅಪ್ಪನ ಕೇಸೇ ಸೋತ್ಲು ಅಂತ ನಿನ್ನ ಯಾರೂ ಅನ್ನಬಾರ್ದು. ಅದಕ್ಕೇ ನಿಂಗೆ ಕೊಡ್ಲಿಲ್ಲ."

"ಮತ್ತೆ ಅವಳು?"

"ಆ ಹುಡುಗಿಗೆ ಮೊದ್ಲೇ ಎಲ್ಲಾ ಹೇಳಿದ್ದೆ. ಸೋತ್ರೆ ಸೋಲಾನ ಬಿಡ್ರಿ, ನಿಮ್ಮ ಹೊಳೆ ಮಾತು ಕೋರ್ಟಿನಾಗೆ ಹೇಳಾನ ಅಂದ್ಲು."

ನನಗೆ ಹೇಳದೆ ಬಚ್ಚಿಟ್ಟದ್ದನ್ನು ಅವಳಿಗೆ ಹೇಳಿದ್ದ.

ಅವಳು ಕಂಬದ ಹತ್ತಿರ ನಿಂತು ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಪ್ಪ ನನ್ನನ್ನು ಬಿಟ್ಟು ಅಲ್ಲಿಗೆ ಹೋದ. ಹುಟ್ಟು ಹಾಕಿ ಹಾಕಿ ಜಡ್ಡುಗಟ್ಟಿದ ಅಂಗೈಯನ್ನು ಅವಳ ತಲೆಯ ಮೇಲಿಟ್ಟು, "ಅಳಬ್ಯಾಡ ತಾಯಿ, ಚಂದ ಮಾತಾಡ್ದೆ" ಅಂದ.

ಅವಳು ಗೆದ್ದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆ ಸೋಲು ನನ್ನದಾಗಬೇಕಿತ್ತು.