ದರ್ಜಿ ಮೀನೆಣ್ಣೆ ನುಂಗಿದ್ದು

ಊರವರ ಸೊಂಟದ ಅಳತೆಯೆಲ್ಲ ಬಾಯಿಪಾಠವಿದ್ದ ದರ್ಜಿಗೆ ತನ್ನದನ್ನು ಅಳೆದುಕೊಳ್ಳುವ ಮನಸ್ಸು ಮಾತ್ರ ಬಂದಿರಲಿಲ್ಲ. ಹೆಂಡತಿ ಏನಾದರೂ ಅಂದರೆ, "ನಮ್ಮ ವಂಶವೇ ಹೀಗೆ. ನಮ್ಮಪ್ಪ ಬಾಗಿಲಲ್ಲಿ ನಿಂತ್ರೆ ಮನೆಯೊಳಗೆ ಬೆಳಕೇ ಬರ್ತಿರ್ಲಿಲ್ಲ" ಎಂದು ಹೊಲಿಗೆ ಯಂತ್ರ ತುಳಿಯುತ್ತಿದ್ದ.

ಒಮ್ಮೆ ಅವನ ರಕ್ತ ಪರೀಕ್ಷೆ ಮಾಡಿಸಿದರೆ ಕೊಬ್ಬು ಮಿತಿಮೀರಿತ್ತು. ವೈದ್ಯರು ಊಟಕ್ಕೆ ಕಡಿವಾಣ ಹಾಕಿ, ಮೀನೆಣ್ಣೆಯ ಮಾತ್ರೆ ಬರೆದುಕೊಟ್ಟರು. ಮೀನಿನ ವಾಸನೆ ಬಂದರೆ ಬೀದಿ ಬದಲಿಸುವ ಆಸಾಮಿ ಮೂಗು ಹಿಡಿದು ನುಂಗಿದ. ಮರುದಿನ ಮೇಷ್ಟ್ರೊಬ್ಬರ ಕುತ್ತಿಗೆಗೆ ಅಳತೆಪಟ್ಟಿ ಸುತ್ತಿ ನಿಂತಾಗಲೇ ತೇಗು ಬರಬೇಕೆ.

ಮೇಷ್ಟ್ರು ಮೆಲ್ಲಗೆ ಮುಖ ತಿರುಗಿಸಿದರು. "ಇವತ್ತು ಮನೇಲಿ ಮೀನಾ?"

"ಮನೇಲಲ್ಲ ಸಾರ್, ಹೊಟ್ಟೇಲಿ."

ಸಂಜೆ ಮಗಳ ಮೇಲೆ ಹರಿಹಾಯ್ದ. ಅವಳಿಗೆ ಪ್ರಯೋಗಾಲಯದಲ್ಲಿ ಕೆಲಸ. ಇಲಿಗಳಿಗೆ ಇದೇ ಎಣ್ಣೆ ತಿನ್ನಿಸಿ ಏನಾಗುತ್ತದೆಂದು ನೋಡುವುದು.

"ಅಲ್ಲ ಕಣಮ್ಮ, ಕೊಬ್ಬು ಇಳಿಸೋಕೆ ಎಣ್ಣೆ ಕುಡೀಬೇಕಾ? ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು."

"ಎಲ್ಲಾ ಎಣ್ಣೆನೂ ಒಂದೇ ಅಲ್ಲಪ್ಪ. ಇದು ಲಿವರಿನ ಜೀವಕೋಶದೊಳಗೆ ಹೋಗಿ, ಕೊಬ್ಬು ತಯಾರಿಸೋ ಜೀನ್‌ಗಳಿಗೆ ಸ್ವಲ್ಪ ಸುಮ್ನಿರಿ ಅನ್ನುತ್ತೆ. ಕೊಬ್ಬು ಉರಿಸೋ ಜೀನ್‌ಗಳನ್ನ ತಟ್ಟಿ ಏಳಿಸುತ್ತೆ."

"ಜೀನು ನಮ್ಮಪ್ಪ ಕೊಟ್ಟಿದ್ದಲ್ವಾ? ಅದು ಹಣೆಬರಹ."

"ತಾತ ಕೊಟ್ಟಿದ್ದು ನಿಜ. ಆದ್ರೆ ಯಾವುದು ಎಷ್ಟು ದುಡೀಬೇಕು ಅನ್ನೋದ್ರಲ್ಲಿ ನಿನ್ನ ತಟ್ಟೆದೂ ಒಂದು ಮಾತಿರುತ್ತೆ."

ಇಷ್ಟು ವರ್ಷ ಅಪ್ಪನ ತಲೆಗೆ ಕಟ್ಟಿದ್ದ ಹೊಟ್ಟೆ ಈಗ ತನ್ನ ಮಡಿಲಿಗೇ ಬಂದು ಬಿದ್ದಂತಾಗಿ ದರ್ಜಿ ಪೆಚ್ಚಾದ.

ಆದರೂ ಹುರುಪು ಬಂತು. ಮಗಳು ಹೇಳಿದಂತೆ ಮಾತ್ರೆಯನ್ನು ಊಟದ ಜೊತೆಗೇ ನುಂಗತೊಡಗಿದ. ತೇಗಿನ ಕಾಟ ತಗ್ಗಿತು. ಎರಡನೇ ಸಲ ಬಡಿಸಲು ಬಂದ ಹೆಂಡತಿಗೆ ಕೈ ಅಡ್ಡ ಹಿಡಿದ. ಇನ್ನೇನು ಕರಗಿಯೇ ಬಿಡುತ್ತೇನೆಂಬ ಭರವಸೆಯಲ್ಲಿ, ತನ್ನ ಪ್ಯಾಂಟುಗಳ ಸೊಂಟವನ್ನೆಲ್ಲ ಮುಂಚಿತವಾಗಿಯೇ ಬಿಗಿ ಮಾಡಿಟ್ಟ.

ಕೆಲವು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರು. ರಕ್ತದ ಕೊಬ್ಬು ಚೆನ್ನಾಗಿ ಇಳಿದಿತ್ತು. ಸೊಂಟ ಮಾತ್ರ ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಉಸಿರು ಬಿಗಿಹಿಡಿದು ಪ್ಯಾಂಟಿನ ಗುಂಡಿಯೊಡನೆ ಗುದ್ದಾಡುತ್ತಿದ್ದ ಗಂಡನನ್ನು ಕಂಡು ಹೆಂಡತಿ ಗೋಡೆ ಕಡೆ ತಿರುಗಿ ನಕ್ಕಳು.

"ರಕ್ತದ್ದೇ ಬೇರೆ, ಸೊಂಟದ್ದೇ ಬೇರೆ ಅಪ್ಪ. ಅದಕ್ಕೆ ಕಾಲು ಸವೆಸಬೇಕು" ಎಂದಳು ಮಗಳು.

ದರ್ಜಿ ಬಿಗಿ ಮಾಡಿದ್ದ ಹೊಲಿಗೆ ಬಿಚ್ಚಿದ. "ನಗ್ತಾ ನಿಂತ್ಕೋಬೇಡ, ನೀನೂ ಬಾ" ಎಂದು ಹೆಂಡತಿಯನ್ನು ಹೊರಡಿಸಿ, ಊರಾಚೆಯ ಸೇತುವೆಯ ಕಡೆ ಬಿರಬಿರನೆ ನಡೆದ. ಅರ್ಧ ದಾರಿಗೇ ಅವಳು ಏದುಸಿರು ಬಿಡುತ್ತ ಯಾರದೋ ಅಂಗಡಿಯ ಮೆಟ್ಟಿಲಲ್ಲಿ ಕುಸಿದು ಕೂತಳು. ದರ್ಜಿಗೆ ಅದೇನೋ ಬಹಳ ದಿನಗಳಿಂದ ಕಾಣದ ಸಮಾಧಾನವಾಯಿತು. ಪಾಪ, ಒಬ್ಬಳೇ ಕೂರುವುದು ಬೇಡವೆಂದು ಅವನೂ ಪಕ್ಕಕ್ಕೆ ಕೂತ.