ಕಾರಿನಲ್ಲಿ ಕುಳಿತವಳ ಒಪ್ಪಿಗೆ

ಮಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ನಾನು ಸ್ವತಂತ್ರವಾಗಿ ವಕೀಲಿ ಆರಂಭಿಸಿ ಆಗ ಎರಡನೇ ವರ್ಷ. ಸಫಿಯಾ ನನ್ನ ಆರನೇ ಕಕ್ಷಿದಾರಳು, ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಟೆಕ್ನೀಷಿಯನ್. ಅವಳಿಗೆ ಬೆಳಗಿನ ಡ್ಯೂಟಿ ಇದ್ದ ದಿನಗಳಲ್ಲಿ ಗಂಡ ಗೇಟಿಗೆ ಬೀಗ ಹಾಕಿ ಕೀಲಿಕೈ ಜೇಬಿಗಿಳಿಸುತ್ತಿದ್ದ. ಮೂರನೇ ಸಲ ಹಾಗಾದಾಗ ಅವಳು ಕಾಂಪೌಂಡ್ ಹಾರಿ ಕೆಲಸಕ್ಕೆ ಹೋದಳು. ಸಂಜೆ ಆ ಮನೆಗೆ ಮರಳದೆ ಅಣ್ಣ ಹಮೀದರ ಮನೆ ಸೇರಿದಳು.

ಗಂಡ ಜಮಾಅತಿಗೆ ದೂರು ಕೊಟ್ಟ. ಜಮಾಅತ್ ಎಂದರೆ ಒಂದು ಮಸೀದಿಗೆ ಸೇರಿದ ಮನೆಗಳವರ ಸಂಘ. ಮದುವೆ, ತಲಾಖ್, ಮನಸ್ತಾಪಗಳು ಮೊದಲು ಅಲ್ಲಿಗೇ ಹೋಗುತ್ತವೆ. ಕಾನೂನಿನ ನಿಲುವು ಸ್ಪಷ್ಟ. ಮುಸ್ಲಿಮರ ದಾಂಪತ್ಯದ ವ್ಯಾಜ್ಯವನ್ನು ಕೋರ್ಟು ಅವರ ವೈಯಕ್ತಿಕ ಕಾನೂನಿನ ಪ್ರಕಾರವೇ ತೀರ್ಮಾನಿಸುತ್ತದೆ. ಜಮಾಅತ್ ರಾಜಿ ಮಾಡಿಸಬಹುದು, ತೀರ್ಪು ಹೇರುವಂತಿಲ್ಲ.

ಮಾತುಕತೆ ಬಂದರ್‌ನ ಆ ಮಸೀದಿಯ ಪಕ್ಕದ ಮದ್ರಸದಲ್ಲಿ ಏರ್ಪಾಡಾಯಿತು. ಒಳಗೆ ಗಂಡಸರು. ಹೊರಗೆ, ಮೀನಿನ ಲಾರಿಗಳು ತಿರುಗುವ ಗಲ್ಲಿಯಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಸಫಿಯಾ ಮತ್ತು ನಾನು. ನಾನೂ ಅವಳಂತೆ ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಯವಳು. ಹೆಂಗಸರು ಹೊರಗೆ ಕಾಯುವ ಆ ಸೀಟು ನನಗೆ ಹೊಸದಲ್ಲ, ಬಹುಶಃ ಅದಕ್ಕೇ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವಳು ಕಾಕ ಎಂದು ಕರೆಯುವ ಅಣ್ಣ ಹಮೀದ್ ಒಳಗಿನ ಪ್ರಶ್ನೆಯನ್ನು ಕಿಟಕಿಗೆ ತರುತ್ತಿದ್ದರು, ಕಿಟಕಿಯ ಉತ್ತರವನ್ನು ಒಳಗೆ ಒಯ್ಯುತ್ತಿದ್ದರು.

"ಬೀಗ ಹಾಕದಿದ್ರೆ ಹೋಗ್ತೀಯಾ ಅಂತ ಕೇಳ್ತಾರೆ."

"ಬೀಗ ಹಾಕುವುದಿಲ್ಲ ಅಂತ ಅವರೇ ನನ್ನೆದುರು ಹೇಳ್ಲಿ ಕಾಕ. ಮತ್ತೆ ನೋಡುವ."

ನಾಲ್ಕನೇ ಸಲ ಹಮೀದರ ಕೈಯಲ್ಲಿ ಕಾಗದವಿತ್ತು. 'ಪತ್ನಿಯು ಉದ್ಯೋಗ ತೊರೆದು ಗಂಡನೊಂದಿಗೆ ಬಾಳಲು ಒಪ್ಪಿರುತ್ತಾಳೆ.' ಕೆಳಗೆ ಅವಳ ಪರವಾಗಿ ಅಣ್ಣನ ಸಹಿ.

"ಇದು ನಾನು ಹೇಳಿದ್ದಲ್ಲ," ಎಂದಳು ಸಫಿಯಾ.

"ಇನ್ನೂ ಎಷ್ಟು ಎಳೆಯುವುದು ಮಾರಾಯ್ತಿ! ಕೆಲಸ ಬಿಟ್ರೆ ಎಂತ, ಪ್ರಾಣ ಹೋಗ್ತದಾ?"

"ಹೋಗ್ತದೆ. ನನ್ನದಲ್ಲ, ಮೆಷಿನ್‌ಗೆ ಹಾಕಿದವರದ್ದು."

ಒಪ್ಪಿಗೆ ಇಲ್ಲವೆಂದು ಆಗಲೇ ಬರೆದು ಕೊಡಬೇಕೆಂದು ಅವಳು ಹಟ ಹಿಡಿದಳು. ನಾನು ತಡೆದೆ. "ಕೋರ್ಟಿನಲ್ಲಿ ಈ ಕಾಗದಕ್ಕೆ ಬೆಲೆ ಇಲ್ಲ, ಬಿಡಿ," ಎಂದೆ. ಪುಸ್ತಕದ ಪ್ರಕಾರ ನಾನು ಹೇಳಿದ್ದು ಸರಿ. ಆದರೆ ತೀರ್ಪಿನ ಬಲವಿಲ್ಲದ ಕಾಗದವೂ ಸಾಕ್ಷ್ಯವಾಗಿ ಬರಬಹುದು ಎಂಬುದನ್ನು ಮರೆತಿದ್ದೆ.

ಎರಡು ತಿಂಗಳಲ್ಲಿ ಅದು ಬಂತು. ಹೆಂಡತಿ ಮರಳಿ ಬಂದು ಬಾಳುವಂತೆ ಆದೇಶಿಸಬೇಕೆಂದು ಗಂಡ ಅರ್ಜಿ ಹಾಕಿದ. ಜೊತೆಗೆ ಅದೇ ರಾಜಿ ಪತ್ರ. ಅವಳೇ ಒಪ್ಪಿ ಈಗ ಮಾತು ತಪ್ಪಿದ್ದಾಳೆ ಎಂಬುದು ಅವನ ವಾದ. ಆಸ್ಪತ್ರೆಯ ಕೆಲಸವೋ ಬೀಗ ಬೀಳುವ ಗೇಟೋ ಎಂಬುದು ಈಗ ನಾನು ಬಿಟ್ಟುಬಿಡಿ ಎಂದ ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಮಾತುಕತೆ ನಡೆಸಿದ್ದ, ಮಸೀದಿಯ ಧರ್ಮಗುರುಗಳಾದ ಖತೀಬರು, ಎಲ್ಲರೂ ಉಸ್ತಾದ್ ಎಂದು ಕರೆಯುವ ಹಿರಿಯರು, ಗಂಡನ ಪರ ಸಾಕ್ಷಿಯಾಗಿ ಬಂದರು. ಪಾಟೀಸವಾಲಿಗೆ ನಾನು ಹನ್ನೊಂದು ಪ್ರಶ್ನೆ ಬರೆದುಕೊಂಡಿದ್ದೆ. ಏಳುವಷ್ಟರಲ್ಲಿ ಸಫಿಯಾ ನನ್ನ ಗೌನಿನ ತೋಳು ಹಿಡಿದಳು. "ನಾನೇ ಕೇಳ್ತೇನೆ. ಒಂದೇ ಉಂಟು." ಕುಟುಂಬ ನ್ಯಾಯಾಲಯದಲ್ಲಿ ಪಕ್ಷಗಾರರು ತಾವೇ ಮಾತನಾಡಬಹುದು. ನ್ಯಾಯಾಧೀಶರು ಅನುಮತಿ ಕೊಟ್ಟರು.

"ಉಸ್ತಾದ್, ನನ್ನ ಸ್ವರ ನೀವು ಇವತ್ತಿನ ಮೊದಲು ಯಾವತ್ತಾದ್ರೂ ಕೇಳಿದ್ದುಂಟಾ?"

ಅವರು ಸುಳ್ಳು ಹೇಳಬಹುದಿತ್ತು. ನ್ಯಾಯಾಧೀಶರ ಕಡೆ ತಿರುಗಿದರು.

"ಇಲ್ಲ. ಮಧ್ಯಸ್ಥರನ್ನು ಎರಡೂ ಕಡೆಯವರು ಒಪ್ಪಬೇಕು ಅಂತ ನಮ್ಮ ಶರೀಅತ್ತಿನಲ್ಲೇ ಉಂಟು. ಅವಳ ಪರವಾಗಿ ಅಣ್ಣ ಮಾತಾಡುವುದಾದ್ರೂ ಅವಳೇ ಅವನನ್ನು ನೇಮಿಸ್ಬೇಕು. ನಾವು ಕೇಳ್ಬೇಕಿತ್ತು. ಕೇಳ್ಲಿಲ್ಲ."

ಅರ್ಜಿ ವಜಾ ಆಯಿತು. ಆ ಕಾಗದಕ್ಕೆ ತೀರ್ಪಿನ ಬಲವಿಲ್ಲ, ಅದರಲ್ಲಿ ಪತ್ನಿಯ ಒಪ್ಪಿಗೆಯೂ ಇಲ್ಲ ಎಂದು ಆದೇಶದಲ್ಲಿತ್ತು. ಮೊದಲನೆಯದನ್ನು ದೇಶದ ಕಾನೂನು ಕೊಟ್ಟಿತು, ಎರಡನೆಯದನ್ನು ಶರೀಅತ್ ಬಲ್ಲ ಹಿರಿಯರು. ನನ್ನ ಹನ್ನೊಂದು ಪ್ರಶ್ನೆಗಳಲ್ಲಿ ಒಂದೂ ಅಲ್ಲಿಗೆ ತಲುಪುತ್ತಿರಲಿಲ್ಲ.

ಕೋರ್ಟಿನ ವರಾಂಡದಲ್ಲಿ ಜಮಾಅತ್ ಸಮಿತಿಯವರೊಬ್ಬರು ನನ್ನನ್ನು ತಡೆದರು. "ಎಂತ ಮೇಡಂ, ನಮ್ಮ ಉಸ್ತಾದರನ್ನೇ ಕಟಕಟೆಯಲ್ಲಿ ನಿಲ್ಲಿಸಿಬಿಟ್ರಲ್ಲ? ಮನೆಯ ವಿಷಯ ಊರಿಗೆಲ್ಲ!"

"ನಿಲ್ಲಿಸಿದ್ದು ನೀವು. ನಾವು ಕೇಳಿದ್ದು ಮಾತ್ರ," ಎಂದೆ. ನಾನು ಹೆಚ್ಚು ಮಾತನಾಡುವವಳಲ್ಲ. ಅಂದು ಅಷ್ಟು ಸಾಕಾಗಿತ್ತು.

ತಿಂಗಳ ನಂತರ ಉಸ್ತಾದರೇ ಹೇಳಿಕಳಿಸಿದರು. ಮದುವೆಯಿಂದ ಬಿಡುಗಡೆಯ ಮಾತಿಗೆ ಇನ್ನೊಮ್ಮೆ ಕೂರೋಣ, ಈ ಸಲ ಸಫಿಯಾಳೇ ಬರಲಿ. ನಾವು ಹೋದಾಗ ಮದ್ರಸದ ಜಗಲಿಯಲ್ಲಿ, ಬಾಗಿಲಿನ ಹೊರಗೆ, ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. "ಅಲ್ಲಿಂದಲೇ ಹೇಳಿ, ಕೇಳಿಸ್ತದೆ," ಎಂದು ಒಳಗಿನಿಂದ ಯಾರೋ ಕೂಗಿದರು.

ಸಫಿಯಾ ಕೂರಲಿಲ್ಲ. ಒಂದು ಕುರ್ಚಿಯನ್ನು ಎತ್ತಿಕೊಂಡು ಒಳಗೆ ನಡೆದಳು. ಸಾಲು ಮುರಿದು ಮೊದಲು ಜಾಗ ಮಾಡಿಕೊಟ್ಟವರು ಉಸ್ತಾದ್. ಗಂಡ ಎದುರಿಗೇ ಇದ್ದ. ಇನ್ನೊಂದು ಕುರ್ಚಿ ಹಿಡಿದು ನಾನು ಹಿಂಬಾಲಿಸಿದೆ.

ಈಗ ಯಾವ ರಾಜಿ ಪತ್ರ ನನ್ನ ಮೇಜಿಗೆ ಬಂದರೂ, ಅದು ಜಮಾಅತಿನದಿರಲಿ, ಊರಿನ ಹಿರಿಯರದಿರಲಿ, ಕೋರ್ಟಿನದೇ ಮಧ್ಯಸ್ಥಿಕೆ ಕೇಂದ್ರದ್ದಿರಲಿ, ಷರತ್ತುಗಳನ್ನು ಓದುವ ಮೊದಲು ಕಕ್ಷಿದಾರಳನ್ನು ಒಂದು ಮಾತು ಕೇಳುತ್ತೇನೆ: ಇದನ್ನು ಬರೆಯುವಾಗ ನೀವು ಎಲ್ಲಿ ಕುಳಿತಿದ್ದಿರಿ? ಹೊರಗೆ ಎಂಬ ಉತ್ತರ ಬಂದರೆ ಅಂದೇ ಆಕ್ಷೇಪಣೆ ಬರೆದು ಅಂಚೆಗೆ ಹಾಕುತ್ತೇನೆ.